ರಾತ್ರಿ ಕಾಫಿ ಕುಡಿದು ಕೂತರೂ ಲೆಕ್ಕ ಯಾಕೆ ಹೊಳೆಯಲ್ಲ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಊರು ಸಕಲೇಶಪುರದ ಕಡೆ, ಇರೋದು ಮೈಸೂರಿನ ಒಂದು ಹಾಸ್ಟೆಲ್‌ನಲ್ಲಿ. ಸಿಇಟಿಗೆ ತಯಾರಿ ನಡೆದಿದೆ. ದಿನಕ್ಕೆ ಐದು ಸಲ ಕಾಫಿ, ಟೀ ಆಗುತ್ತದೆ. ಬೆಳಿಗ್ಗೆ 6ಕ್ಕೆ ಮೆಸ್ ಕಾಫಿ, 11ಕ್ಕೆ ಟೀ, ಸಂಜೆ 4.30ಕ್ಕೆ ಮತ್ತೆ ಕಾಫಿ, ರಾತ್ರಿ 9ಕ್ಕೆ ಮತ್ತು 11.30ಕ್ಕೆ ಫ್ಲಾಸ್ಕಿನ ಬಿಸಿನೀರಿಗೆ ಇನ್‌ಸ್ಟಂಟ್ ಪುಡಿ ಹಾಕಿಕೊಂಡು ಕುಡಿಯುತ್ತೇನೆ. 2 ಗಂಟೆಗೆ ಮಲಗಿ 6ಕ್ಕೆ ಏಳುತ್ತೇನೆ. ಓದುವಾಗ ನಿದ್ದೆಯೇನೋ ಬರಲ್ಲ, ಆದರೆ ಫಿಸಿಕ್ಸ್ ಪ್ರಾಬ್ಲಮ್ ಹಿಡಿದರೆ ಫಾರ್ಮುಲಾ ಗೊತ್ತಿದ್ದೂ ಎಲ್ಲಿಂದ ಶುರು ಮಾಡಬೇಕು ಅಂತ ಹೊಳೆಯಲ್ಲ. ಬರುವ ಲೆಕ್ಕವನ್ನೂ ತಪ್ಪು ಮಾಡುತ್ತೇನೆ. ನನ್ನ ತೂಕ 48 ಕೆ.ಜಿ. ರೂಮ್‌ಮೇಟ್ ರಾತ್ರಿ 10ಕ್ಕೆ ಕಾಫಿ ಕುಡಿದು 10.30ಕ್ಕೆ ಆರಾಮಾಗಿ ಮಲಗುತ್ತಾಳೆ. ಊರಿಗೆ ಹೋದಾಗ ಅಮ್ಮ ಮಾಡುವ ಫಿಲ್ಟರ್ ಕಾಫಿ ಕುಡಿದರೆ ನನಗೆ ಎದೆ ಡವಡವ ಅನ್ನುತ್ತದೆ. ಕಾಫಿ ತಲೆ ಚುರುಕು ಮಾಡುತ್ತಾ, ಮಂಕು ಮಾಡುತ್ತಾ? ಇದರ ಬದಲು ಎನರ್ಜಿ ಡ್ರಿಂಕ್ ಕುಡಿ ಅಂತಾರೆ ಗೆಳತಿಯರು, ಕುಡಿಯಬಹುದಾ?

ಉತ್ತರ: ನಿಮ್ಮ ಉತ್ತರದ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿದ್ದೆ ಬರಲ್ಲ, ಆದರೆ ಲೆಕ್ಕ ಹೊಳೆಯಲ್ಲ ಅಂತ ಬರೆದಿದ್ದೀರಲ್ಲ, ಅವೆರಡೂ ಬೇರೆ ಬೇರೆ ಕೆಲಸಗಳು. ಎಚ್ಚರವಾಗಿ ಕೂರಿಸುವುದು ಕಾಫಿಗೆ ಬರುತ್ತದೆ. ಲೆಕ್ಕದ ದಾರಿ ಹೊಳೆಯುವುದಕ್ಕೆ ಅದರಿಂದ ಸ್ವಲ್ಪ ಸಹಾಯ ಆಗಬಹುದು, ಅದೂ ಹಗಲಲ್ಲಿ, ನಿದ್ದೆ ಸರಿಯಾಗಿ ಆದವರಿಗೆ. ನೀವು ಕುಡಿಯುತ್ತಿರುವ ಹೊತ್ತಿನಲ್ಲಿ ಕುಡಿದರೆ ಆ ಹೊಳೆಯುವ ಶಕ್ತಿಗೇ ಏಟು ಬೀಳುತ್ತದೆ. ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಫಾರ್ಮಕಾಲಜಿ, ಅಂದರೆ ಔಷಧ ವಿಜ್ಞಾನದ ಪಾಠ ಮಾಡುವವನು. ನಿಮ್ಮ ವಯಸ್ಸು ದಾಟಿ ಬಂದ ಮಕ್ಕಳು ಇದೇ ಅಭ್ಯಾಸ ಹೊತ್ತುಕೊಂಡು ನಮ್ಮ ಕ್ಲಾಸಿಗೆ ಬರುವುದನ್ನು ನೋಡುತ್ತಲೇ ಇರುತ್ತೇನೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಾಫಿ, ಟೀಯಲ್ಲಿರುವ ಕೆಫೀನ್ ಮೆದುಳಿನಲ್ಲಿ ಏನು ಮಾಡುತ್ತದೆ ಅಂತ ನೋಡೋಣ. ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರುತ್ತಾ ಹೋಗುತ್ತದೆ. ಅದು ಮೆದುಳಿನ ಕೋಶಗಳ ಮೇಲೆ ತನಗೆಂದೇ ಇರುವ ಜಾಗಗಳಲ್ಲಿ (ರಿಸೆಪ್ಟರ್) ಹೋಗಿ ಕೂತಾಗ ನಮಗೆ ತೂಕಡಿಕೆ ಬರುತ್ತದೆ. ಕೆಫೀನ್‌ನ ಆಕಾರ ಹೆಚ್ಚೂ ಕಡಿಮೆ ಅಡೆನೊಸಿನ್‌ನ ಹಾಗೇ ಇರುವುದರಿಂದ ಅದು ಹೋಗಿ ಆ ಜಾಗ ಹಿಡಿದುಬಿಡುತ್ತದೆ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಸೀಟು ಸಿಗದ ಜನ ಬಸ್ಸಿನಿಂದ ಇಳಿದು ಹೋಗಿರುವುದಿಲ್ಲ, ನಿಂತೇ ಇರುತ್ತಾರೆ. ಟವೆಲ್ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಅಂದರೆ ಕಾಫಿಯಿಂದ ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ಮಾತ್ರ ನಿಮಗೆ ಮುಟ್ಟುವುದಿಲ್ಲ. ಸೇರಿದ ಅಡೆನೊಸಿನ್ ಇಳಿಯಬೇಕಾದರೆ ನಿದ್ದೆಯೇ ಆಗಬೇಕು.

ಈಗ ನಿಮ್ಮ ದಿನದ ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ, ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80ರಿಂದ 120, ಒಂದು ಸರ್ವಿಂಗ್ ಟೀಯಲ್ಲಿ 30ರಿಂದ 65. ನಿಮ್ಮ ಪ್ರತಿ ಕಾಫಿಗೆ 60, ಟೀಗೆ 40 ಅಂತ ಕಡಿಮೆಯೇ ಹಿಡಿದರೂ ದಿನಕ್ಕೆ 280 ಮಿಲಿಗ್ರಾಂ ಆಯಿತು. ದೊಡ್ಡವರಿಗೆ ದಿನಕ್ಕೆ 300 ದಾಟಬೇಡಿ ಅನ್ನುತ್ತದೆ ಅದೇ ಮಾರ್ಗಸೂಚಿ. ನಿಮ್ಮ ವಯಸ್ಸಿನವರಿಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಕೊಟ್ಟ ಅಳತೆ ಒಂದು ಕೆ.ಜಿ. ತೂಕಕ್ಕೆ 3 ಮಿಲಿಗ್ರಾಂ. 48 ಕೆ.ಜಿ.ಗೆ ಅದು 144. ನೀವು ಅದರ ಎರಡರಷ್ಟು ಕುಡಿಯುತ್ತಿದ್ದೀರಿ.

ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ಇನ್ನೂ ಮುಖ್ಯ. ಕುಡಿದ ಕೆಫೀನ್ ಮುಕ್ಕಾಲು ಗಂಟೆಯೊಳಗೆ ಹೆಚ್ಚೂ ಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಅರ್ಧ ಕರಗುವುದಕ್ಕೆ ಸುಮಾರು 5 ಗಂಟೆ ಬೇಕು. ಈ 5 ಗಂಟೆ ಅನ್ನುವುದನ್ನೇ ಇಟ್ಟುಕೊಂಡು ನಿಮ್ಮ ವೇಳಾಪಟ್ಟಿಯನ್ನು ಕೂಡಿ ಕಳೆದೆ. ರಾತ್ರಿ 2ಕ್ಕೆ ನೀವು ತಲೆದಿಂಬಿಗೆ ತಲೆ ಇಡುವಾಗ ಮೈಯಲ್ಲಿ ಸುಮಾರು 95 ಮಿಲಿಗ್ರಾಂ ಉಳಿದಿರುತ್ತದೆ, ಅಂದರೆ ಒಂದೂವರೆ ಕಪ್ ಇನ್‌ಸ್ಟಂಟ್ ಕಾಫಿ ಆಗತಾನೇ ಕುಡಿದು ಮಲಗಿದ ಹಾಗೆ. ಬೆಳಿಗ್ಗೆ 6ಕ್ಕೆ ಏಳುವಾಗಲೂ 55ರ ಹತ್ತಿರ ಇರುತ್ತದೆ. ಮೆಸ್ ಕಾಫಿಗೆ ಕೈ ಹಾಕುವ ಮೊದಲೇ ನಿಮ್ಮೊಳಗೆ ಒಂದು ಕಪ್ ಕಾಫಿ ಇದೆ, ಆದರೂ ಕಣ್ಣು ಬಿಡೋಕೆ ಆಗಲ್ಲ. ಅದು ಕಾಫಿ ಸಾಲದೆ ಬಂದ ಮಂಕಲ್ಲ. ನಿದ್ದೆ ಸಾಲದೆ ಬಂದದ್ದು.

ಮಲಗಿದ ನಾಲ್ಕು ಗಂಟೆಯಾದರೂ ಗಟ್ಟಿ ನಿದ್ದೆಯಾ ಅಂದರೆ ಅದೂ ಅನುಮಾನ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕ್ರಿಸ್ಟೋಫರ್ ಡ್ರೇಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿತ್ತು. ಅವರ ಡೋಸ್ ನಿಮ್ಮದಕ್ಕಿಂತ ದೊಡ್ಡದು, ನಿಜ. ಆದರೆ ನೀವು ಬಿಡುತ್ತಿರುವ ಅಂತರ 6 ಗಂಟೆಯಲ್ಲ, ಬರೀ ಎರಡೂವರೆ ಗಂಟೆ. ಕೆಫೀನ್ ಇದ್ದಾಗ ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ. ಕಣ್ಣು ಮುಚ್ಚಿ ಮಲಗಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಯೋಚನೆಗೆ ಕಾಫಿಯಿಂದ ಪ್ರಯೋಜನವೇ ಇಲ್ವಾ? ಇದೆ. ಗಮನ ಚದುರದೆ ಕೂರುವುದು, ಬೇಗ ಪ್ರತಿಕ್ರಿಯಿಸುವುದು, ಒಂದೇ ಥರದ ಕೆಲಸವನ್ನು ಬೇಸರವಿಲ್ಲದೆ ಮುಂದುವರಿಸುವುದು, ಇಂಥ ಕಡೆ ಕೆಫೀನ್ ಕೆಲಸ ಮಾಡುತ್ತದೆ ಅನ್ನೋದರಲ್ಲಿ ತಕರಾರಿಲ್ಲ. ಪ್ರಾಬ್ಲಮ್ ಬಿಡಿಸುವುದರ ಬಗ್ಗೆಯೂ ಒಂದು ಒಳ್ಳೆಯ ಪ್ರಯೋಗ ಇದೆ. ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ದಾರ್ಯಾ ಝಬೆಲಿನಾ ಮತ್ತು ನಾರ್ತ್ ಕೆರೊಲಿನಾದ ಪಾಲ್ ಸಿಲ್ವಿಯಾ 2020ರಲ್ಲಿ ಪ್ರಕಟಿಸಿದ್ದು. 80 ಜನರಲ್ಲಿ ಕೆಲವರಿಗೆ 200 ಮಿಲಿಗ್ರಾಂ ಕೆಫೀನ್ ಮಾತ್ರೆ, ಉಳಿದವರಿಗೆ ನೋಡೋಕೆ ಹಾಗೇ ಇರುವ, ಕೆಫೀನ್ ಇಲ್ಲದ ಮಾತ್ರೆ. ಮೂರು ಪದ ಕೊಟ್ಟು ಮೂರಕ್ಕೂ ಹೊಂದುವ ಒಂದು ಪದ ಹುಡುಕಿ ಅನ್ನುವಂಥ ಪರೀಕ್ಷೆ ಇಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಳೆ, ಬಿಸಿ, ಕಣ್ಣು ಅಂತ ಕೊಟ್ಟರೆ ನೀರು ಅಂತ ಹೊಳೆಯಬೇಕು. ಇದರಲ್ಲಿ ಕೆಫೀನ್ ತೆಗೆದುಕೊಂಡವರು ಮುಂದಿದ್ದರು. ಆದರೆ ಒಂದು ವಸ್ತುವಿಗೆ ಎಷ್ಟು ಹೊಸ ಹೊಸ ಉಪಯೋಗ ಯೋಚಿಸಬಲ್ಲಿರಿ ಅನ್ನುವಂಥ, ಕಲ್ಪನೆ ಹರಿಬಿಡುವ ಕೆಲಸದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ವಿಷಯಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ತಾತ್ಕಾಲಿಕ ನೆನಪಿನಲ್ಲೂ ವ್ಯತ್ಯಾಸವಿರಲಿಲ್ಲ.

ಸಿಇಟಿ ಪ್ರಶ್ನೆಗೆ ಇರುವುದು ಒಂದೇ ಸರಿ ಉತ್ತರ, ಹಾಗಾಗಿ ಈ ಫಲಿತಾಂಶ ನಿಮಗೆ ಖುಷಿ ಕೊಡಬಹುದು. ಕೊಡಲಿ, ಅದರಲ್ಲಿ ತಪ್ಪಿಲ್ಲ. ಆದರೆ ಇದು ರಾತ್ರಿ ನಿದ್ದೆಗೆಡಿಸಿ ಮಾಡಿದ ಪ್ರಯೋಗವಲ್ಲ ಅನ್ನೋದು ನೆನಪಿರಲಿ.

ನಿದ್ದೆಗೆಟ್ಟವರಲ್ಲಿ ಏನಾಗುತ್ತದೆ ಅನ್ನೋದನ್ನು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಿಂಬರ್ಲಿ ಫೆನ್ ಅವರ ತಂಡ ನೋಡಿದೆ, ಅದು ಪ್ರಕಟವಾದದ್ದು 2021ರಲ್ಲಿ. 275ಕ್ಕೂ ಹೆಚ್ಚು ಜನ ಅದರಲ್ಲಿ ಪಾಲ್ಗೊಂಡಿದ್ದರು. ರಾತ್ರಿಯಿಡೀ ಎಚ್ಚರವಿದ್ದವರಿಗೆ ಬೆಳಿಗ್ಗೆ ಕೆಫೀನ್ ಕೊಟ್ಟು ಎರಡು ಥರದ ಕೆಲಸ ಮಾಡಿಸಿದರು. ಒಂದು, ಪರದೆ ಮೇಲೆ ಗುರುತು ಕಂಡ ಕೂಡಲೇ ಗುಂಡಿ ಒತ್ತುವುದು. ಇನ್ನೊಂದು, ಹಲವು ಹಂತಗಳ ಕೆಲಸವನ್ನು ಕ್ರಮ ತಪ್ಪದೆ, ಮಧ್ಯೆ ಯಾರಾದರೂ ಅಡ್ಡ ಬಂದರೂ ಎಲ್ಲಿದ್ದೆ ಅನ್ನೋದು ಮರೆಯದೆ ಮುಗಿಸುವುದು. ಗುಂಡಿ ಒತ್ತುವುದಕ್ಕೆ ಕೆಫೀನ್ ನೆರವಾಯಿತು. ಹಂತಗಳ ಕೆಲಸದಲ್ಲಿ ಹೆಚ್ಚಿನವರಿಗೆ ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ನೀವು ಇಡೀ ರಾತ್ರಿ ಕೂರುತ್ತಿಲ್ಲ, ಆದರೆ ದಿನಾ ನಾಲ್ಕೇ ಗಂಟೆ ಮಲಗುತ್ತಾ ತಿಂಗಳುಗಟ್ಟಲೆ ಹೋದರೆ ದಣಿವಿನ ಬಾಕಿ ಬೆಳೆಯುತ್ತಲೇ ಇರುತ್ತದೆ.

ಇದನ್ನು ನಿಮ್ಮ ಫಿಸಿಕ್ಸ್ ಪುಸ್ತಕದ ಒಂದು ಲೆಕ್ಕದ ಮೇಲೆ ಇಟ್ಟು ನೋಡಿ. ಕೆಪಾಸಿಟರ್ ಒಂದನ್ನು ಚಾರ್ಜ್ ಮಾಡಿ, ಬ್ಯಾಟರಿ ತೆಗೆದ ನಂತರ, ಪ್ಲೇಟುಗಳ ನಡುವೆ ಕೆ ಅನ್ನೋ ಸ್ಥಿರಾಂಕದ ಡೈಎಲೆಕ್ಟ್ರಿಕ್ ತುಂಬಿದರೆ ಶಕ್ತಿ ಎಷ್ಟಾಗುತ್ತದೆ? ಬ್ಯಾಟರಿ ತೆಗೆದಾಗಿದೆ, ಆದ್ದರಿಂದ ಚಾರ್ಜ್ ಬದಲಾಗುವಂತಿಲ್ಲ. ಕೆಪಾಸಿಟೆನ್ಸ್ ಕೆ ಪಟ್ಟು ಹೆಚ್ಚುತ್ತದೆ, ವೋಲ್ಟೇಜ್ ಅಷ್ಟೇ ಪಟ್ಟು ಇಳಿಯುತ್ತದೆ, ಶಕ್ತಿಯೂ ಮೊದಲಿದ್ದುದರ ಕೆ ಪಾಲಿಗೆ ಒಂದು ಪಾಲಾಗುತ್ತದೆ. ಬ್ಯಾಟರಿ ಹಾಗೇ ಇದ್ದಿದ್ದರೆ ವೋಲ್ಟೇಜ್ ಬದಲಾಗುತ್ತಿರಲಿಲ್ಲ, ಶಕ್ತಿ ಕೆ ಪಟ್ಟು ಹೆಚ್ಚುತ್ತಿತ್ತು. ಒಂದು ಚಿಕ್ಕ ಮಾತು ಕಣ್ತಪ್ಪಿದರೆ ಉತ್ತರ ಪೂರ್ತಿ ತಿರುಗಿ ಬೀಳುತ್ತದೆ, ಮತ್ತು ಆ ತಿರುಗಿದ ಉತ್ತರವೂ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಕೂತಿರುತ್ತದೆ. ಫಾರ್ಮುಲಾ ಗೊತ್ತಿದ್ದೂ ತಪ್ಪಾಗುವುದು ಹೀಗೆ. ರಾತ್ರಿ ಒಂದೂವರೆಗೆ ಕಾಫಿಯ ಬಲದಲ್ಲಿ ಕಣ್ಣು ಬಿಟ್ಟಿರುತ್ತದೆ, ಪೆನ್ನು ಓಡುತ್ತಿರುತ್ತದೆ, ಆದರೆ ಯಾವುದು ಬದಲಾಗದೆ ಉಳಿದಿದೆ ಅನ್ನೋದನ್ನು ಹಿಡಿದಿಟ್ಟುಕೊಂಡು ಮೂರು ಹೆಜ್ಜೆ ನಡೆಯುವ ತಾಕತ್ತು ಅಷ್ಟು ಹೊತ್ತಿಗೆ ಸೋತಿರುತ್ತದೆ.

ಇನ್ನು ಎಲ್ಲಿಂದ ಶುರು ಮಾಡಬೇಕು ಅಂತ ಹೊಳೆಯದಿರುವ ವಿಷಯ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ತಿರುಳೇ ಇದು. ಜರ್ಮನಿಯ ಲೂಬೆಕ್‌ನಲ್ಲಿ ಉಲ್ರಿಖ್ ವಾಗ್ನರ್, ಯಾನ್ ಬಾರ್ನ್ ಮುಂತಾದವರು 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಂಕಿಗಳ ಒಂದು ಸಾಲು ಕೊಟ್ಟು, ಎರಡು ನಿಯಮ ಹೇಳಿಕೊಟ್ಟು, ಹೆಜ್ಜೆ ಹೆಜ್ಜೆಯಾಗಿ ಉತ್ತರಕ್ಕೆ ಬರಬೇಕು ಅಂದರು. ಆ ಲೆಕ್ಕದೊಳಗೆ ಒಂದು ಗುಟ್ಟಿನ ಅಡ್ಡದಾರಿ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅದು ಕಂಡುಬಿಟ್ಟರೆ ಮಧ್ಯದ ಹೆಜ್ಜೆಗಳೇ ಬೇಡ. ಸ್ವಲ್ಪ ಅಭ್ಯಾಸ ಮಾಡಿಸಿ 8 ಗಂಟೆ ಬಿಡುವು ಕೊಟ್ಟರು. ಒಂದು ಗುಂಪು ಆ 8 ಗಂಟೆ ರಾತ್ರಿ ಮಲಗಿತು, ಇನ್ನೊಂದು ರಾತ್ರಿಯಿಡೀ ಎಚ್ಚರವಿತ್ತು, ಮತ್ತೊಂದು ಹಗಲಲ್ಲಿ ಎಚ್ಚರವಿತ್ತು. ಮತ್ತೆ ಕೂರಿಸಿದಾಗ ಮಲಗಿ ಎದ್ದವರಲ್ಲಿ ನೂರಕ್ಕೆ 59 ಮಂದಿಗೆ ಅಡ್ಡದಾರಿ ಕಂಡಿತು. ಎಚ್ಚರವಿದ್ದ ಎರಡೂ ಗುಂಪಿನಲ್ಲಿ ಕಂಡದ್ದು ನೂರಕ್ಕೆ 23 ಮಂದಿಗೆ. ಮಲಗಿದವರು ಆ ಹೊತ್ತಿನಲ್ಲಿ ಒಂದು ಲೆಕ್ಕವನ್ನೂ ಮಾಡಿರಲಿಲ್ಲ ಅನ್ನೋದನ್ನು ಗಮನಿಸಿ. ಹಗಲು ಕಲಿತದ್ದನ್ನು ಮೆದುಳು ನಿದ್ದೆಯಲ್ಲಿ ಒಂದಕ್ಕೊಂದು ಜೋಡಿಸಿಕೊಳ್ಳುತ್ತದೆ, ಆಮೇಲೆ ನೋಡಿದರೆ ದಾರಿ ಕಾಣುತ್ತದೆ. ನೀವು ರಾತ್ರಿ 11.30ರ ಕಾಫಿಯಿಂದ ದೂರ ತಳ್ಳುತ್ತಿರುವುದು ಇದೇ ಕೆಲಸವನ್ನು.

ಅದಕ್ಕೇ ಒಂದು ಸಲಹೆ. ರಾತ್ರಿ ಯಾವುದಾದರೂ ಲೆಕ್ಕ ಅರ್ಧ ಗಂಟೆಯಾದರೂ ಬಗ್ಗಲಿಲ್ಲ ಅಂದರೆ, ಎಲ್ಲಿಗೆ ಬಂದು ನಿಂತಿತು ಅಂತ ಅದರ ಕೆಳಗೆ ಎರಡು ಸಾಲು ಬರೆದು ಪುಸ್ತಕ ಮುಚ್ಚಿ ಮಲಗಿ. ಬೆಳಿಗ್ಗೆ ಮುಖ ತೊಳೆದು ಅದೇ ಲೆಕ್ಕ ತೆಗೆಯಿರಿ. ಎಲ್ಲವೂ ಹೊಳೆಯುತ್ತದೆ ಅಂತ ನಾನು ಮಾತು ಕೊಡಲಾರೆ, ಆದರೆ ಕೆಲವಾದರೂ ಬಾಯಿ ಬಿಡುತ್ತವೆ.

ಕಾಫಿ ಕುಡಿದರೆ ಮಾತ್ರ ನನಗೆ ತಲೆ ಓಡುತ್ತದೆ ಅಂತ ನಿಮಗೆ ಅನ್ನಿಸುತ್ತಿರಬಹುದು. ದಿನಾ ಕುಡಿಯುವ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಅಭ್ಯಾಸವಾದವರಿಗೆ ಕಾಫಿ ತಪ್ಪಿದರೆ ತಲೆನೋವು, ಮಂಕು, ಸಿಡುಕು ಬರುತ್ತವೆ, ಕುಡಿದ ಕೂಡಲೇ ಅವು ಹೋಗುತ್ತವೆ. ಹಾಗೆ ಮಾಮೂಲಿ ಸ್ಥಿತಿಗೆ ವಾಪಸ್ ಬಂದದ್ದನ್ನೇ ನಾವು ಚುರುಕಾದೆವು ಅಂದುಕೊಳ್ಳುತ್ತೇವೆ. ಜ್ಯಾಕ್ ಜೇಮ್ಸ್, ಪೀಟರ್ ರಾಜರ್ಸ್ ಅವರಂಥ ಸಂಶೋಧಕರು ಬಹಳ ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ. ಪ್ರಯೋಜನವೆಲ್ಲ ಬರೀ ಇದೇ ಅಂತ ನಾನು ಒಪ್ಪುವುದಿಲ್ಲ, ಆದರೆ ದೊಡ್ಡ ಪಾಲು ಇದೇ.

ರೂಮ್‌ಮೇಟ್ ವಿಷಯಕ್ಕೆ ಬರೋಣ. ಕೆಫೀನ್ ಕರಗಿಸುವ ಕಿಣ್ವ ಇರುವುದು ಯಕೃತ್ತಿನಲ್ಲಿ, ಅದರ ವೇಗ ಒಬ್ಬೊಬ್ಬರಲ್ಲಿ ಒಂದೊಂದು ಥರ, ಹುಟ್ಟಿನಿಂದಲೇ. ಅವರಿಗೆ ಬೇಗ ಕರಗುತ್ತಿರಬಹುದು. ಅವರನ್ನು ನೋಡಿ ನೀವು ನಿಮ್ಮ ಹೊತ್ತು ಗೊತ್ತು ಮಾಡಿಕೊಳ್ಳಬೇಡಿ. ಇಲ್ಲೇ ಇನ್ನೊಂದು ಮಾತು ಹೇಳಬೇಕು, ಯಾರೂ ಹೆಣ್ಣುಮಕ್ಕಳಿಗೆ ಇದನ್ನು ಹೇಳುವುದಿಲ್ಲ. ಪಿಸಿಓಡಿಗೋ ಮುಟ್ಟಿನ ಏರುಪೇರಿಗೋ ಡಾಕ್ಟರ್ ಈಸ್ಟ್ರೊಜನ್ ಇರುವ ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದರೆ, ಅದನ್ನು ನುಂಗುತ್ತಿರುವಷ್ಟು ದಿನ ಕೆಫೀನ್ ಕರಗುವುದಕ್ಕೆ ಸುಮಾರು ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಸಿಪ್ರೊಫ್ಲಾಕ್ಸಸಿನ್ ಅನ್ನೋ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವಾಗಲೂ ನಿಧಾನವಾಗುತ್ತದೆ. ಆಗ ಮಧ್ಯಾಹ್ನದ ಕಾಫಿಯೂ ರಾತ್ರಿ ಕಾಡಬಹುದು.

ಅಮ್ಮನ ಕಾಫಿಗೆ ಎದೆ ಡವಡವ ಅನ್ನುವುದಕ್ಕೂ ಕಾರಣ ಇದೆ. ನಿಮ್ಮ ಕಡೆ ತೋಟಗಳಲ್ಲಿ ಅರೇಬಿಕಾ ಜೊತೆ ರೊಬಸ್ಟಾ ಕಾಫಿಯನ್ನೂ ಬೆಳೆಯುತ್ತಾರೆ ಅಲ್ವಾ? ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚೂ ಕಡಿಮೆ ಎರಡರಷ್ಟು. ಅಂಗಡಿ ಪುಡಿಗೆ ಚಿಕೋರಿ ಬೆರೆಸಿರುತ್ತಾರೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಮನೆಯಲ್ಲಿ ಚಿಕೋರಿ ಇಲ್ಲದ ರೊಬಸ್ಟಾ ಪುಡಿಯಿಂದ ಗಟ್ಟಿ ಡಿಕಾಕ್ಷನ್ ಇಳಿಸಿದರೆ ನಿಮ್ಮ ಹಾಸ್ಟೆಲ್ ಕಾಫಿಯ ಎರಡು ಪಟ್ಟು ಕೆಫೀನ್ ಒಂದೇ ಲೋಟದಲ್ಲಿ ಹೋಗುತ್ತದೆ. ರಜೆಗೆ ಹೋದಾಗ ಡಿಕಾಕ್ಷನ್ ಕಡಿಮೆ, ಹಾಲು ಜಾಸ್ತಿ ಹಾಕಿಸಿಕೊಳ್ಳಿ. ಕಾಫಿ ಕುಡಿಯದ ದಿನವೂ ಎದೆ ಹಾಗೆ ಹೊಡೆದುಕೊಂಡರೆ, ತಲೆ ಸುತ್ತಿದರೆ, ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಹೇಗೂ ಒಮ್ಮೆ ಪರೀಕ್ಷೆ ಮಾಡಿಸಿ. ಕಾಫಿ, ಟೀ ಎರಡೂ ಊಟದಲ್ಲಿನ ಕಬ್ಬಿಣದಂಶ ಮೈಗೆ ಹತ್ತದ ಹಾಗೆ ಮಾಡುತ್ತವೆ, ಕಬ್ಬಿಣ ಕಡಿಮೆಯಾದರೆ ಅದರಿಂದಲೇ ಸುಸ್ತು, ಮಂಕು. ಊಟ, ತಿಂಡಿಗೆ ಮೊದಲು ಒಂದು ಗಂಟೆ, ಆಮೇಲೆ ಒಂದು ಗಂಟೆ ಕಾಫಿ ಬೇಡ ಅನ್ನುವುದು ಆಗಲೇ ಹೇಳಿದ ಮಾರ್ಗಸೂಚಿಯ ಮಾತು.

ಎನರ್ಜಿ ಡ್ರಿಂಕ್ ಬೇಡ. ನಮ್ಮ ದೇಶದ ನಿಯಮದ ಪ್ರಕಾರ ಅದರಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು, ಅಂದರೆ 250 ಮಿ.ಲೀ. ಬಾಟಲಿಯಲ್ಲಿ 75. ಅದೇನೂ ಒಂದು ಗಟ್ಟಿ ಕಾಫಿಗಿಂತ ಹೆಚ್ಚಲ್ಲ. ತೊಂದರೆ ಏನೆಂದರೆ ಸಿಹಿಯಾಗಿ ತಣ್ಣಗೆ ಇರುವುದರಿಂದ ಗಟಗಟ ಅಂತ ಇಳಿದುಹೋಗುತ್ತದೆ, ಒಂದರ ಮೇಲೆ ಇನ್ನೊಂದು ಬೇಕೆನಿಸುತ್ತದೆ, ಸಕ್ಕರೆ ಬೇರೆ. ಮಕ್ಕಳಿಗೆ ಸೂಕ್ತವಲ್ಲ ಅಂತ ಬಾಟಲಿ ಮೇಲೇ ಬರೆದಿರುತ್ತದೆ, ಓದಿ ನೋಡಿ. ಆನ್‌ಲೈನಿನಲ್ಲಿ ಸಿಗುವ ಕೆಫೀನ್ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಒಂದೇ ಮಾತ್ರೆಯಲ್ಲಿ 200 ಮಿಲಿಗ್ರಾಂ ಇರುವುದುಂಟು, ನಿಮ್ಮ ಇಡೀ ದಿನದ ಮಿತಿಯನ್ನು ಒಂದು ಗುಟುಕಿನಲ್ಲಿ ದಾಟುತ್ತೀರಿ.

ಹಾಗಂತ ಕಾಫಿಯನ್ನು ನಾಳೆಯೇ ಬಿಟ್ಟುಬಿಡಬೇಡಿ. ಒಂದೇ ಸಲ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಒಂದೆರಡು ದಿನ ಜೋರಾಗಿರುತ್ತದೆ, ಕೆಲವರಿಗೆ ವಾರದ ಮೇಲೂ ಎಳೆಯುತ್ತದೆ. ಓದುವ ದಿನಗಳಲ್ಲಿ ಅದು ಬೇಕಾಗಿಲ್ಲ. ಮೊದಲ ನಾಲ್ಕೈದು ದಿನ 11.30ರದ್ದನ್ನು ಮಾತ್ರ ಬಿಡಿ. ಆಮೇಲೆ 9ರದ್ದಕ್ಕೆ ಪುಡಿ ಅರ್ಧ ಮಾಡಿ, ಮತ್ತೆ ನಾಲ್ಕೈದು ದಿನ ಕಳೆದು ಅದನ್ನೂ ಬಿಡಿ. ಬಿಸಿಯಾಗಿ ಏನಾದರೂ ಬೇಕು ಅನ್ನಿಸಿದರೆ ಬಿಸಿಹಾಲು ಸಾಕು. ಕೊನೆಗೆ 11ರ ಟೀ ಬಿಟ್ಟು, ಸಂಜೆ 4.30ರ ಕಾಫಿಯನ್ನು ಮಧ್ಯಾಹ್ನ 2ರ ಒಳಗೆ ತನ್ನಿ. ದಿನಕ್ಕೆ ಎರಡು, ಎರಡೂ ಹಗಲಲ್ಲಿ, ಒಟ್ಟು 144ರ ಒಳಗೆ. ಮಧ್ಯಾಹ್ನ ತೂಕಡಿಕೆ ಜೋರಾಗಿದ್ದರೆ ಬಿಡುವಿನ ದಿನ ಕಾಫಿ ಕುಡಿದ ಕೂಡಲೇ 15 ನಿಮಿಷಕ್ಕೆ ಅಲಾರಂ ಇಟ್ಟು ಒರಗಿ. ಕೆಫೀನ್ ಹತ್ತುವ ಹೊತ್ತಿಗೆ ಎಚ್ಚರವಾಗುತ್ತದೆ, ಎರಡರ ಲಾಭವೂ ಒಟ್ಟಿಗೆ ಸಿಗುತ್ತದೆ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ 1990ರ ದಶಕದಲ್ಲಿ ನಿದ್ದೆಗಣ್ಣಿನ ಡ್ರೈವರ್‌ಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ.

ಓದಿನ ಹೊತ್ತನ್ನೂ ಬದಲಾಯಿಸಿ. ಹೊಸ ಲೆಕ್ಕ, ಕಷ್ಟದ ಲೆಕ್ಕ ಬೆಳಿಗ್ಗೆ ಮತ್ತು ಹಗಲು. ರಾತ್ರಿ ಊಟದ ನಂತರ ಬಯಾಲಜಿ ಚಿತ್ರಗಳು, ಕೆಮಿಸ್ಟ್ರಿ ರಿಯಾಕ್ಷನ್‌ಗಳು, ಗೊತ್ತಿರುವುದರ ರಿವಿಷನ್. 11ಕ್ಕೆ ದೀಪ ಆರಿಸಿ. ರಾತ್ರಿ ಮೂರು ಗಂಟೆ ಓದು ಕಡಿಮೆಯಾಯಿತಲ್ಲ ಅಂತ ಹೆದರಿಕೆಯಾಗುತ್ತದೆ, ನನಗೆ ಅರ್ಥವಾಗುತ್ತದೆ. ಅದಕ್ಕೆ ನನ್ನ ಮಾತು ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಈಗಲೇ ಒಂದು ರಾತ್ರಿ 12ಕ್ಕೆ ಯಾವುದಾದರೂ ಪಾಠದ 20 ಲೆಕ್ಕ ಮಾಡಿ. ಹೀಗೆ ಎರಡು ವಾರ ಮಲಗಿದ ಮೇಲೆ ಅಷ್ಟೇ ಕಷ್ಟದ ಬೇರೆ 20 ಲೆಕ್ಕ ಬೆಳಿಗ್ಗೆ ಮಾಡಿ. ತಪ್ಪುಗಳನ್ನು ಎರಡು ಪಟ್ಟಿ ಮಾಡಿ, ಗೊತ್ತಿಲ್ಲದೆ ತಪ್ಪಿದ್ದು ಒಂದು ಕಡೆ, ಗೊತ್ತಿದ್ದೂ ತಪ್ಪಿದ್ದು ಇನ್ನೊಂದು ಕಡೆ. ನೋಡಬೇಕಾದ್ದು ಎರಡನೆಯ ಪಟ್ಟಿಯನ್ನು.

ಸಿಇಟಿ ದಿನ ಹೊಸದೇನೂ ಬೇಡ. ಪ್ರತಿ ಪೇಪರ್‌ನಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಅಲ್ಲಿ ಭಯದಿಂದಲೇ ಎದೆ ಬಡಿತ ಏರಿರುತ್ತದೆ, ಅದರ ಮೇಲೆ ಎರಡು ಲೋಟ ಕಾಫಿ ಸುರಿದರೆ ಕೈ ನಡುಗುತ್ತದೆ, ಮಧ್ಯೆ ಎದ್ದು ಹೋಗಬೇಕಾಗುತ್ತದೆ. 10.30ರ ಪೇಪರ್‌ಗೆ 9.30ರ ಸುಮಾರಿಗೆ ದಿನಾ ಕುಡಿಯುವಷ್ಟೇ ಒಂದು ಲೋಟ. 2.30ರ ಪೇಪರ್‌ಗೆ 1.30ಕ್ಕೆ ಅರ್ಧ ಲೋಟ. ಸಂಜೆ ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ, ಎಷ್ಟೇ ಸುಸ್ತಾಗಿದ್ದರೂ, ಯಾರೇ ಕೊಟ್ಟರೂ ಕಾಫಿ ಬೇಡ. ಮಾರನೇ ದಿನ ಇನ್ನೂ ಎರಡು ಪೇಪರ್ ಇರುತ್ತವೆ.